ಒಂದೇ ತಾಟಿನಲ್ಲಿ ಉಂಡವರು

ಆ ಬೆಳಿಗ್ಗೆ ಗೋಕಾಕದ ಚಹಾದಂಗಡಿಯಲ್ಲಿ ಉದ್ದಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಅವನ ದಿನ ಸುಖವಾಗಿ ಕಳೆಯುತ್ತಿತ್ತು. ವಾಯುಪಡೆಯಿಂದ ನಿವೃತ್ತರಾದ ಏರ್ ವೈಸ್ ಮಾರ್ಷಲ್ ರಾಯಗೌಡರಿಗೆ ಹುಟ್ಟೂರು ಮೂಡಲಗಿಯಲ್ಲಿ ಅಂದು ಸಂಜೆ ಸನ್ಮಾನವೆಂದು ಪೇಪರಿನಲ್ಲಿ ಬಂದಿತ್ತು. ವಾಯುಪಡೆಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಿ ನಿವೃತ್ತನಾಗಿದ್ದ ಉದ್ದಪ್ಪ ಈ ಸಾಹೇಬರನ್ನು ಕಂಡಿದ್ದು ಒಮ್ಮೆ ಮಾತ್ರ, ಅದೂ ಬೆನ್ನ ಕಡೆಯಿಂದ. ಆದರೂ ಚಹಾ ಹೀರುತ್ತ ಅಂದುಬಿಟ್ಟ:

"ಇವ್ರಾ? ನಾವಿಬ್ಬರೂ ಒಂದ ತಾಟಿನ್ಯಾಗ ಉಂಡವ್ರು!"

ಮಾತು ಸನ್ಮಾನ ಸಮಿತಿಯ ದಾಕ್ಷಾಯಿಣಿಯವರ ಕಿವಿಗೆ ಬಿತ್ತು. ಹುಕ್ಕೇರಿಯಿಂದ ಬರಬೇಕಿದ್ದ ಭಾಷಣಕಾರರ ಗಂಟಲು ಕಟ್ಟಿ ಆಕೆ ಕಂಗಾಲಾಗಿದ್ದರು.

"ಉದ್ದಪ್ಪಣ್ಣಾ, ಸಾಹೇಬ್ರ ಸರ್ವಿಸ್ ಬಗ್ಗೆ ನೀವ ಮಾತಾಡ್ರಿ."

"ನಂಗ ಜ್ವರ ಬಂದಂಗ ಆಗೇತ್ರಿ ಬಾಯಾರ."

"ಮೈಕ್ ಹಿಡದ್ರ ಇಳೀತೈತಿ, ನಡೀರಿ."

ಬಾಜೂ ಮನೆಯ ಗೌರಕ್ಕ ತನ್ನ ಗಂಡನ ಮದುವೆ ಕೋಟು ತಂದು ತೊಡಿಸಿದಳು. ಉದ್ದಪ್ಪ ಸಣ್ಣ ಚೀಲಕ್ಕೆ ತುರುಕಿದ ಕುಂಬಳಕಾಯಿಯಂತೆ ಕಂಡ. ಆಕೆಯ ಗಂಡ ಗಜಾನನ ಮೂಡಲಗಿ ಮುಟ್ಟುವ ತನಕ, "ನಮ್ಮ ಹುಡುಗನ ನೌಕರಿ ವಿಷಯ ಸಾಹೇಬ್ರ ಕಿವಿಗೆ ಹಾಕ್ರಿ," ಎಂದು ಬಡಬಡಿಸುತ್ತ ಬಂದ.

ಉದ್ದಪ್ಪ ವೇದಿಕೆ ಹತ್ತಿ ಮೈಕು ಹಿಡಿದ. ಮುಂದಿನ ಸಾಲಿನಲ್ಲಿ ಸಾಹೇಬರ ಮುದಿತಾಯಿ ಲಕ್ಕವ್ವ, ಬಡಿಗೆ ಹಿಡಿದು ಕಿವಿಗೊಟ್ಟು ಕೂತಿದ್ದಳು.

"ಸಾಹೇಬ್ರು... ವಿಮಾನ..." ಎಂದು ತಡವರಿಸಿದ. ಯಾರೋ ಸೀಟಿ ಹೊಡೆದರು. ಅಷ್ಟೇ ಸಾಕಾಯಿತು.

"ಸಾಹೇಬ್ರು ವೈರಿ ವಿಮಾನದ ಬೆನ್ನ ಹತ್ತಿದ್ರು! ಇವ್ರ ವಿಮಾನಕ್ಕ ಬೆಂಕಿ ಬಿತ್ತು! ಛತ್ರಿ ಕಟಗೊಂಡು ಜಿಗದ್ರು, ಹಿಮದಾಗ ಬಿದ್ರು, ಮೈ ಝಾಡಿಸಿಕೊಂಡ ಬಂದು ಇನ್ನೊಂದ ವಿಮಾನ ಹತ್ತಿದ್ರು!"

ಚಪ್ಪಾಳೆಗೆ ಪೆಂಡಾಲು ನಡುಗಿತು. ಉದ್ದಪ್ಪ ಓರೆಗಣ್ಣಿನಿಂದ ನೋಡಿದ. ಸಾಹೇಬರ ಮುಖ ಒಣಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು. ಅವರು ಎದ್ದು ಬಂದು ಮೈಕು ಕಸಿದುಕೊಂಡಾಗ ಅವನು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

"ಇವ ಹೇಳಿದ್ದೆಲ್ಲಾ ಖರೆ," ಎಂದರು ಸಾಹೇಬರು. "ತನ್ನ ಸುದ್ದಿ ಮಾತ್ರ ಬಿಟ್ಟಾನ. ಅವತ್ತ ನನ್ನ ಹಿಂದಿನ ಸೀಟಿನ್ಯಾಗ ಕುಂತಾವ ಇವನ!"

ಜನ ಎದ್ದು ನಿಂತರು. ಗದ್ದಲದ ನಡುವೆ ಸಾಹೇಬರು ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ತಮ್ಮಾ, ನಾ ಗೋದಾಮಿನ ಸಾಮಾನು ನೋಡಕೋತ ದೊಡ್ಡ ಸಾಹೇಬ ಆದಾವ. ವಿಮಾನ ಹತ್ತಿದ್ರ ವಾಂತಿ ಬರತಿತ್ತು. ಹಾರಸ್ತೇನಿ ಅಂತ ಅವ್ವಗ ಸುಳ್ಳ ಹೇಳಿದ್ದೆ. ಇವತ್ತ ಆಕಿ ಮಾರಿ ನೋಡು, ಹೆಂಗ ಅರಳೇತಿ! ನಿನ್ನ ಉಪಕಾರ ಮರಿಯಂಗಿಲ್ಲ."

ಉದ್ದಪ್ಪನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಲಕ್ಕವ್ವ ಕೈಸನ್ನೆ ಮಾಡಿ ಕರೆದಳು. ಆಶೀರ್ವಾದಕ್ಕೆಂದು ಓಡಿಹೋಗಿ ಅವಳ ಕಾಲಿಗೆ ಬಾಗಿದ.

ಬೆನ್ನ ಮೇಲೆ ಬಡಿಗೆ ಬಿತ್ತು.

"ಹಿಂದ ಕುಂತಿದ್ದೆಲ್ಲೋ ಭಾಡ್ಯಾ! ನನ್ನ ಮಗ ಜಿಗಿಯೂಮುಂದ ಅಂಗಿ ಹಿಡದ ಜಗ್ಗಾಕ ಏನಾಗಿತ್ತೋ ನಿನಗ?"

ಉದ್ದಪ್ಪ ದಿಕ್ಕುಗೆಟ್ಟು ವೇದಿಕೆಯ ಕಡೆ ನೋಡಿದ. ಸಾಹೇಬರು ತಲೆ ತಗ್ಗಿಸಿ ತಮ್ಮ ಕೊರಳ ಹಾರದ ಹೂವನ್ನು ಬಹಳ ಕಾಳಜಿಯಿಂದ ಪರೀಕ್ಷಿಸುತ್ತಿದ್ದರು. ಬಡಿಗೆ ಮತ್ತೆ ಮೇಲೆದ್ದಿತು.