ಸಸ್ಯ ಸಾಮ್ರಾಜ್ಯವನ್ನು ಹೇಳದೆ ಕೇಳದೆ ತೊರೆದ ಬ್ಯಾಕ್ಟೀರಿಯಾಗಳಿಗೆ

ಮಧುಗಿರಿ,
೧೭ ಡಿಸೆಂಬರ್ ೧೯೮೪

ಗಾಳಿ, ನೀರು, ಮಣ್ಣು, ಮೊಸರಿನ ಗಡಿಗೆ ಹಾಗೂ ಈ ಪತ್ರ ಬರೆಯುತ್ತಿರುವವಳ ಜಠರವೂ ಸೇರಿದಂತೆ ಸಕಲ ಸ್ಥಳಗಳಲ್ಲಿ ಏಕಕಾಲಕ್ಕೆ ವಾಸವಾಗಿರುವ ಮಾನ್ಯರೇ,

ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿರುವ ಜಗದಾಂಬಳ ಸವಿನಯ ವಂದನೆಗಳು. ಇಂದು ಬೆಳಿಗ್ಗೆ ನಮ್ಮ ಮನೆಯ ದೋಸೆ ಹಿಟ್ಟು ಪಾತ್ರೆಯ ಅಂಚು ದಾಟಿ ಕಟ್ಟೆಯ ಮೇಲೆ ಹರಿದಿದ್ದನ್ನು ಕಂಡು, ತಾವೆಲ್ಲ ಕ್ಷೇಮವಾಗಿರುವಿರೆಂದು ತಿಳಿದು ಸಂತೋಷವಾಯಿತು.

ತಮಗೆ ಕೋಶಭಿತ್ತಿ ಇರುವುದರಿಂದ ತಾವು ಸಸ್ಯಗಳು ಎಂದು ನಾನು ಹದಿನೇಳು ವರ್ಷ ಪಾಠ ಹೇಳಿದ್ದೇನೆ. ಅಷ್ಟೂ ವರ್ಷ ತಾವು ನನ್ನ ತರಗತಿಯಲ್ಲೇ, ನನ್ನ ಕೈಯ ಸೀಮೆಸುಣ್ಣದ ಮೇಲೂ ಹಾಜರಿದ್ದು, ಒಮ್ಮೆಯೂ ಆಕ್ಷೇಪಣೆ ಸಲ್ಲಿಸದೆ ತೋರಿದ ಸೌಜನ್ಯವನ್ನು ಮರೆಯಲಾರೆ. ಆಕ್ಷೇಪಿಸಿದವಳು ಹೊನ್ನಕ್ಕ ಒಬ್ಬಳೇ.

ಹೊನ್ನಕ್ಕ ಶಿರಾ ರಸ್ತೆಯ ಪಕ್ಕದ ಹಟ್ಟಿಯವಳು. ಕುರಿ ಸಾಕುವ ಮನೆ, ಮೂವತ್ತೊಂದು ವಯಸ್ಸು, ಏಳನೆಯ ತರಗತಿಗೆ ನಿಂತುಹೋದ ಓದು. ಆಕೆಯ ಎರಡನೆಯ ಮಗು ಒಂದೂವರೆ ವರ್ಷಕ್ಕೆ ಭೇದಿಯಾಗಿ ತೀರಿಕೊಂಡಿತ್ತು. ಅದರಲ್ಲಿ ತಮ್ಮ ಪಾತ್ರವೇನೆಂದು ಆಗ ಯಾರೂ ಆಕೆಗೆ ವಿವರಿಸಿರಲಿಲ್ಲ. ಹೋದ ವರ್ಷ ಹಟ್ಟಿಗೆ ಅಂಗನವಾಡಿ ಮಂಜೂರಾಗಿ, ಕಾರ್ಯಕರ್ತೆಗೆ ಎಸ್ಸೆಸ್ಸೆಲ್ಸಿ ಆಗಿರಬೇಕೆಂದಾಗ, ಹಟ್ಟಿಯಲ್ಲಿ ಅಂಥ ಹೆಂಗಸು ಒಬ್ಬಳೂ ಇರಲಿಲ್ಲ. ಹೊನ್ನಕ್ಕ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ, ಪ್ರತಿ ಭಾನುವಾರ ಬಸ್ಸು ಹಿಡಿದು ನನ್ನ ಮನೆಗೆ ಪಾಠಕ್ಕೆ ಬರತೊಡಗಿದಳು.

ತಮ್ಮ ಪಾಠ ಬಂದ ದಿನ ಆಕೆ ಪೆನ್ನು ಕೆಳಗಿಟ್ಟಳು. "ಅಮ್ಮಾರೆ, ಬೇರಿಲ್ಲ, ಎಲೆಯಿಲ್ಲ, ಹೂ ಬುಡಾದಿಲ್ಲ. ಇದು ಹೆಂಗೆ ಗಿಡ ಆಯ್ತದೆ? ಹೆಪ್ಪು ಹಾಕಿದ ಹಾಲಾಗೆ ಗಿಡ ಬೆಳೀತದಾ?"

ಹಾಗಾದರೆ ಪ್ರಾಣಿಯೇ ಎಂದು ನಾನು ಕೊಂಚ ಕೊಂಕಾಗಿಯೇ ಕೇಳಿದೆ.

"ಪ್ರಾಣೀನೂ ಅಲ್ಲ ಅನ್ನುಸ್ತದೆ. ಅದುರ್ದೇ ಬ್ಯಾರೆ ಒಕ್ಕಲು ಇರ್ಬೇಕು."

ಪುಸ್ತಕದಲ್ಲಿರುವುದನ್ನು ಬರೆ, ಪರೀಕ್ಷೆಗೆ ನಿನ್ನ ಅಭಿಪ್ರಾಯ ಬೇಕಾಗಿಲ್ಲ ಎಂದು ನಾನು ಹೇಳಿದೆ. ಆಕೆ ಬರೆದುಕೊಂಡಳು.

ಏಪ್ರಿಲ್ ಪರೀಕ್ಷೆಯಲ್ಲಿ ಮೂರು ಅಂಕದ ಪ್ರಶ್ನೆಯಾಗಿ ತಾವೇ ದಯಮಾಡಿಸಿದಿರಿ: ಬ್ಯಾಕ್ಟೀರಿಯಾ ಯಾವ ಸಾಮ್ರಾಜ್ಯಕ್ಕೆ ಸೇರಿದೆ, ಕಾರಣ ಕೊಡಿ. ಹೊನ್ನಕ್ಕ ನಾನು ಹೇಳಿಕೊಟ್ಟಂತೆ ಸಸ್ಯ ಎಂದು ಬರೆದು, ಕೋಶಭಿತ್ತಿಯ ಕಾರಣವನ್ನೂ ಕೊಟ್ಟು ಬಂದಳು. ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾದಳು. ವಿಜ್ಞಾನದಲ್ಲಿ ಬಂದದ್ದು ಮೂವತ್ತೆರಡು, ಬೇಕಾಗಿದ್ದದ್ದು ಮೂವತ್ತೈದು.

ಆ ಮೂರು ಅಂಕ ಎಲ್ಲಿ ಹೋಯಿತೆಂದು ಕೇಳಲು ನಾನು ಪರೀಕ್ಷೆಗೆ ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯ ಅಧಿಕಾರಿ ನನ್ನನ್ನು ಕೂರಿಸಿ, ನೀರು ಕೊಟ್ಟು, ತಾವು ಈಗ ಮೊನೆರಾ ಎಂಬ ಪ್ರತ್ಯೇಕ ಸಾಮ್ರಾಜ್ಯದವರೆಂದು ತಿಳಿಸಿದರು. ಕೋಶಕೇಂದ್ರಕ್ಕೆ ಪೊರೆ ಇಲ್ಲದ ಕಾರಣ ತಮ್ಮನ್ನು ಹೊರದೇಶದ ವಿದ್ವಾಂಸರು ೧೯೬೯ರಲ್ಲೇ ಬೇರೆ ಕೂರಿಸಿ, ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ಹಂಚಿದ್ದರಂತೆ. "ಹೊಸ ಪುಸ್ತಕದಲ್ಲಿ ಇದೆಯಲ್ಲ ಮೇಡಂ, ನಿಮ್ಮ ಶಾಲೆಗೆ ಬಂದಿಲ್ವಾ?" ಎಂದು ಕೇಳಿದರು.

ಬಂದಿತ್ತು. ವಿಜ್ಞಾನ ಕೊಠಡಿಯ ಬೀರುವಿನಲ್ಲಿ, ಸೆಣಬಿನ ದಾರ ಬಿಚ್ಚದ ಕಟ್ಟಿನಲ್ಲಿತ್ತು. ಬೀರುವಿನ ಬೀಗದ ಕೈ ನನ್ನ ಬಳಿಯೇ ಇತ್ತು. ಹದಿನೇಳು ವರ್ಷದ ಟಿಪ್ಪಣಿ ಬಾಯಿಗೇ ಬರುತ್ತಿದ್ದುದರಿಂದ ನಾನು ಬಿಚ್ಚಿರಲಿಲ್ಲ. ಇದನ್ನೇ ಬಿಳಿ ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಮೂರು ಅಂಕಗಳನ್ನು ಆಕೆಗೆ ಕೊಟ್ಟು ದಂಡವೇನಿದ್ದರೂ ನನಗೆ ವಿಧಿಸಬೇಕೆಂದು ಪ್ರಾರ್ಥಿಸಿದೆ. ಅಧಿಕಾರಿ ಎರಡು ಸಲ ಓದಿದರು. "ತಪ್ಪು ಒಪ್ಪಿಕೊಂಡಿದ್ದಕ್ಕೆ ಅಂಕ ಕೊಡೋ ಕಾಲಂ ನಮ್ಮಲ್ಲಿಲ್ಲ ಮೇಡಂ" ಎಂದು ಹಾಳೆಯನ್ನು ಮಡಿಸಿ ಹಿಂದಿರುಗಿಸಿದರು.

ಮಾರನೆಯ ದಿನ ಹಟ್ಟಿಗೆ ಹೋದೆ. ಹೊನ್ನಕ್ಕ ಕುರಿಯೊಂದನ್ನು ಮಂಡಿಯ ನಡುವೆ ಹಿಡಿದು ಉಣ್ಣೆಗೆ ಅಂಟಿದ ಮುಳ್ಳು ಬಿಡಿಸುತ್ತಿದ್ದಳು. ಬೀರುವಿನ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಆಕೆ ಕುರಿಯನ್ನು ಬಿಟ್ಟು, "ಹಂಗಾರೆ ನಾನಂದಿದ್ದೇ ಸರಿನಾ? ಒಕ್ಕಲು ಬ್ಯಾರೆನೇ?" ಎಂದಳು.

ಬೇರೆಯೇ ಎಂದೆ.

ಆಕೆ ಸೀರೆಗೆ ಅಂಟಿದ್ದ ಉಣ್ಣೆಯನ್ನು ಕೊಡವಿದಳು. "ನಂಗೆ ಅಷ್ಟು ಬುದ್ಧಿ ಐತೆ ಅಂತ ಗೊತ್ತಿರ್ಲಿಲ್ಲ ಕಣಮ್ಮ."

ಮಾನ್ಯರೇ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಜುಲೈನಲ್ಲಿ ಹಟ್ಟಿಯ ಅಂಗನವಾಡಿ ಕೆಲಸ ಶಿರಾ ಪಟ್ಟಣದ ಹುಡುಗಿಯೊಬ್ಬಳಿಗೆ ಹೋಯಿತು. ಆಕೆ ಬಸ್ಸು ಸಿಕ್ಕಿದ ದಿನ ಬರುತ್ತಾಳೆ. ಹೊನ್ನಕ್ಕ ಮಾತ್ರ ಭಾನುವಾರಗಳನ್ನು ಬಿಡಲಿಲ್ಲ. ಹೊಸ ಪುಸ್ತಕವನ್ನು ಆಕೆ ಗಟ್ಟಿಯಾಗಿ ಓದುವುದು, ಅನುಮಾನ ಬಂದಲ್ಲಿ ನಿಲ್ಲಿಸುವುದು, ಉತ್ತರಕ್ಕೆ ನಾನು ಹುಡುಕುವುದು, ಹೀಗೆ ನಡೆಯಿತು. ಅಕ್ಟೋಬರಿನ ಮರುಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಅರವತ್ತೊಂದು ಬಂತು. ಆ ಸಲ ತಮ್ಮ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಮೂರು ಮೈಲಿ ಆಚೆಯ ಇನ್ನೊಂದು ಹಟ್ಟಿಯಲ್ಲಿ ಜಾಗ ಖಾಲಿಯಾಗಿ, ಕಳೆದ ಸೋಮವಾರ ಆಕೆ ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೋಗಲು ಮೂರು ಮೈಲಿ, ಬರಲು ಮೂರು ಮೈಲಿ ನಡಿಗೆ. ಮೊದಲ ದಿನ ಆಕೆ ಮಾಡಿದ್ದು ಮಕ್ಕಳಿಗೆ ಹಾಡು ಕಲಿಸುವ ಕೆಲಸವಲ್ಲ, ಕುಡಿಯುವ ನೀರು ಕುದಿಸುವ ಕೆಲಸ. ಇದರಿಂದ ತಮ್ಮ ಬಂಧುಬಳಗಕ್ಕೆ ಉಂಟಾಗಿರುವ ಅಪಾರ ನಷ್ಟಕ್ಕೆ ಆಕೆಯ ಪರವಾಗಿ ವಿಷಾದಿಸುತ್ತೇನೆ.

ಇನ್ನು ನನ್ನ ಬೇಡಿಕೆಗಳು ಅಲ್ಪ. ಮುಂದೆ ಯಾವುದೇ ಸಾಮ್ರಾಜ್ಯವನ್ನು ತೊರೆಯುವುದಿದ್ದಲ್ಲಿ, ವಾರ್ಷಿಕ ಪರೀಕ್ಷೆಗೆ ಮೂರು ತಿಂಗಳು ಮುಂಚಿತವಾಗಿ, ತಹಸೀಲ್ದಾರರಿಂದ ದೃಢೀಕರಿಸಿದ ವಾಸಸ್ಥಳ ಪತ್ರದೊಂದಿಗೆ ಲಿಖಿತ ಸೂಚನೆ ಕೊಡಬೇಕು. ಅದು ಕಷ್ಟವಾದರೆ ಖುದ್ದು ಬಂದು ಹೇಳಿಕೆ ನೀಡಬಹುದು. ನಮ್ಮ ಶಾಲೆಯ ಸೂಕ್ಷ್ಮದರ್ಶಕ ರಿಪೇರಿಗೆಂದು ಕೊರಟಗೆರೆಗೆ ಹೋದದ್ದು ಇನ್ನೂ ಹಿಂದಿರುಗಿಲ್ಲವಾದ್ದರಿಂದ, ಆ ದಿನದ ಮಟ್ಟಿಗೆ ರಾಗಿ ಕಾಳಿನಷ್ಟಾದರೂ ಗಾತ್ರ ತಳೆದು ಬರಬೇಕಾಗಿ ಕೋರುತ್ತೇನೆ.

ಸಾಮ್ರಾಜ್ಯ ಯಾವುದಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಜಗದಾಂಬ

ಮರೆತ ಮಾತು: ಕುದಿಯುವ ಬುಗ್ಗೆಗಳಲ್ಲೂ ಉಪ್ಪಿನ ಕೆಸರಿನಲ್ಲೂ ಮನೆ ಮಾಡಿಕೊಂಡಿರುವ ತಮ್ಮ ಕೆಲವು ದಾಯಾದಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಅವರದೇ ಇನ್ನೊಂದು ಪಂಗಡ ಎಂದು ಏಳು ವರ್ಷಗಳಿಂದ ವಾದ ನಡೆದಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಹೊನ್ನಕ್ಕನನ್ನು ಕೇಳಿದ್ದಕ್ಕೆ, "ಇರ್ಬೋದು ಬುಡಿ, ಅಣ್ಣತಮ್ಮಂದ್ರು ಒಂದೇ ಒಲೇಲಿ ಎಷ್ಟು ದಿನ ಉಂಡಾರು" ಎಂದಳು. ನಮ್ಮ ಪುಸ್ತಕದವರು ಅಲ್ಲಿಗೆ ತಲುಪಲು ಇನ್ನೂ ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ನನಗೆ ನಿವೃತ್ತಿಯಾಗುತ್ತದೆ. ಪಾಲಾಗುವ ಆತುರ ತಮಗೆ ಬೇಡ.