ಕೈ ಕೊಟ್ಟವರ ಪಟ್ಟಿ

ನಮ್ಮ ಕನುಗಲಾಯಿ ಊರಿಗೆ ಊರೇ ಒಂದು ಚಳಿಗಾಲದೊಳಗೆ ಮೆಥಡಿಸ್ಟ್ ಪಂಥದ ಕ್ರೈಸ್ತ ಊರಾಗಿಹೋಯಿತು, ಅದೂ ಊರಿನವರಿಗೆ ಗೊತ್ತೇ ಆಗದ ಹಾಗೆ. ಇದಕ್ಕೆಲ್ಲ ಕಾರಣ ವಾಲೋಸಿಯ ಹೊಟ್ಟೆ.

ವಾಲೋಸಿ ಎಂದರೆ ನಮ್ಮ ಚೆರೋಕಿ ಜನರ ಮಾತಿನಲ್ಲಿ ಕಪ್ಪೆ. ಹೆಸರಿಗೆ ತಕ್ಕ ಬಾಯಿ. ಬೇಟೆಗೆ ಹೋದರೆ ಜಿಂಕೆಗಳು ಅವನನ್ನು ನೋಡಲು ಮರಿಗಳನ್ನೂ ಕರೆದುಕೊಂಡು ಬರುತ್ತಿದ್ದವು. ಆದರೆ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಪಾದ್ರಿ ಗ್ರಿಗ್ಸ್ ನಮ್ಮೂರಿಗೆ ಬಂದಾಗ ದುಭಾಷಿಯ ಕೆಲಸ ಅವನ ಪಾಲಿಗೆ ಬಂತು. ಗ್ರಿಗ್ಸ್ ಎಂಥ ಉದ್ದ ಆಸಾಮಿ ಎಂದರೆ, ಕುದುರೆ ಮೇಲೆ ಕೂತು ಕೂಸವಾಟಿ ನದಿ ದಾಟುವಾಗ ಅವರ ಕಾಲು ತಳದ ಮೀನುಗಳನ್ನು ಎಬ್ಬಿಸುತ್ತಿತ್ತು. ಉಪದೇಶ ಅದಕ್ಕಿಂತ ಉದ್ದ. ಮೊದಲ ದಿನ ಅವರು ಬಾಯಿ ತೆರೆದಾಗ ಬಿತ್ತಿದ ಜೋಳ, ಮುಗಿಸುವಷ್ಟರಲ್ಲಿ ಸುಟ್ಟು ತಿನ್ನುವ ಹದಕ್ಕೆ ಬಂದಿತ್ತು. ನಂಬದವರು ನಮ್ಮ ಹೊಲವನ್ನೇ ಕೇಳಬಹುದು.

ಕೊನೆಗೆ ಅವರು ಕಣ್ಣು ಮುಚ್ಚಿ, "ನಮ್ಮ ಸಭೆಗೆ ಸೇರಬೇಕೆನ್ನುವವರು ಮುಂದೆ ಬಂದು ನನಗೆ ಕೈ ಕೊಡಿ" ಎಂದರು. ಸಭೆಗೆ ಸೇರುವುದನ್ನು ಚೆರೋಕಿಯಲ್ಲಿ ಹೇಗೆ ಹೇಳುವುದು ಎಂದು ವಾಲೋಸಿ ಯೋಚಿಸಬೇಕು, ಅಷ್ಟರಲ್ಲಿ ಅತ್ತೆಮನೆಯ ಒಲೆಯಿಂದ ಹುರುಳಿಕಾಯಿ ಬೀಜದ ರೊಟ್ಟಿಯ ವಾಸನೆ ಬಂತು.

"ಅಯ್ಯನೋರು ಹೊರಟ್ರು. ಕೈ ಕುಲುಕಿ ಕಳಿಸ್ಕೊಡಿ" ಎಂದುಬಿಟ್ಟ.

ನಮ್ಮೂರಿನವರಷ್ಟು ಮರ್ಯಾದಸ್ಥರು ಈ ಬೆಟ್ಟಗಳಲ್ಲೇ ಇಲ್ಲ. ಚಾಚಿದ ಕೈಯನ್ನು ಬರಿದೇ ಬಿಟ್ಟವರು ನಮ್ಮಲ್ಲಿ ಹುಟ್ಟಿಲ್ಲ. ನನ್ನ ಸೋದರಮಾವನಿಗೆ ಕಾಡಿನಲ್ಲಿ ಕರಡಿಯೊಂದು ಎದ್ದು ನಿಂತು ಪಂಜ ಚಾಚಿದಾಗ, ಅವನು ಅದನ್ನು ಕುಲುಕಿ, ತಾಯಿ ಕಡೆಯ ಕುಲ ಯಾವುದೆಂದು ವಿಚಾರಿಸಿದವನು. ಊರೆಲ್ಲ ಸಾಲುಗಟ್ಟಿ ಪಾದ್ರಿಗಳ ಕೈ ಕುಲುಕಿತು. ಗ್ರಿಗ್ಸ್ ಕಣ್ಣೀರು ಒರೆಸಿಕೊಳ್ಳುತ್ತಾ ಒಬ್ಬೊಬ್ಬರ ಹೆಸರನ್ನೂ ಕಿವಿಗೆ ಬಿದ್ದ ಹಾಗೆ ಪುಸ್ತಕದಲ್ಲಿ ಬರೆದುಕೊಂಡರು.

ಇಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಹೇಳುವುದಿಲ್ಲ. ಕೇಳಿದರೆ ಪಕ್ಕದವನ ಮುಖ ನೋಡುತ್ತೇವೆ, ಪಕ್ಕದವನು ಹೇಳುತ್ತಾನೆ. ಆ ಪಕ್ಕದವನು ಹೆಚ್ಚಾಗಿ ಚುವಾನೋಸ್ಕಿ ಅಜ್ಜನೇ ಆಗಿರುತ್ತಿದ್ದ. ಊರಿನ ಪ್ರತಿ ಮನೆಯ ವ್ಯವಹಾರಕ್ಕೂ ಮೂಗು ತೂರಿಸುವ, ಹಲ್ಲಿಲ್ಲದ, ನಾಲಿಗೆ ಮಾತ್ರ ಚೂಪಾಗಿದ್ದ ಮುದುಕ. ಒಬ್ಬನಿಗೆ ಒಂದು ಸಲ "ಕರಡಿಗೆ ಹೆದರದವನು" ಎಂದರೆ, ಮುಂದಿನ ಸಲ ಅವನಿಗೇ "ಕರಡಿಗೆ ಹೆದರಿದವನು" ಎನ್ನುತ್ತಿದ್ದ. ಅಜ್ಜನ ಸರದಿ ಬಂದಾಗ ಹಿಂದೆ ನಿಂತವರು ಸೇಡು ತೀರಿಸಿಕೊಳ್ಳುತ್ತಿದ್ದರು: "ಅಂಬಲಿ ಚೆಲ್ಲಿದವನು", "ಸೊಟ್ಟ ಮೊಣಕಾಲು", "ಹೆಂಡತಿ ಬಿಟ್ಟವನು". ಪಾದ್ರಿ ಬಂದಾಗಲೆಲ್ಲ ಹೊಸ ಹೆಸರುಗಳು. ಪುಸ್ತಕ ಎಲೆಯುದುರುವ ಕಾಲದ ಕರಡಿಯಂತೆ ಕೊಬ್ಬಿತು. ಆ ಲೆಕ್ಕದ ಪ್ರಕಾರ ಕನುಗಲಾಯಿ ಪಟ್ಟಣಗಳನ್ನೇ ಮೀರಿಸುವ ಊರು.

ಒಂದು ಬೆಳಿಗ್ಗೆ ಗ್ರಿಗ್ಸ್ ಕುದುರೆ ಓಡಿಸಿಕೊಂಡು ಬಂದರು. ಈ ಮಹಾ ಫಸಲನ್ನು ಕಣ್ಣಾರೆ ನೋಡಲು ಹಿರಿಯ ಪಾದ್ರಿ ಟಿಮ್ಮನ್ಸ್ ಈವತ್ತೇ ಬರುತ್ತಿದ್ದಾರಂತೆ. ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಹೆಸರು ಕೂಗುತ್ತಾರಂತೆ. ಹೆಸರಿಗೊಬ್ಬರು ಎದ್ದು ನಿಲ್ಲದಿದ್ದರೆ ಗ್ರಿಗ್ಸ್ ಅವರ ಪಾದ್ರಿತನವೂ ಹೋಯಿತು, ವಾಲೋಸಿಯ ದುಭಾಷಿತನವೂ ಹೋಯಿತು.

ಇದನ್ನು ಕೇಳಿಸಿಕೊಂಡ ವಾಲೋಸಿಯ ಅತ್ತೆ ಅನಾವೇಕಿ ಒನಕೆ ನಿಲ್ಲಿಸಿದಳು. ನಮ್ಮಲ್ಲಿ ಮನೆ ಹೆಂಗಸರದು. ಅಳಿಯನ ಕಂಬಳಿ ಬಾಗಿಲಾಚೆ ಬಿತ್ತೆಂದರೆ ಸಂಸಾರ ಮುಗಿಯಿತು, ಪಂಚಾಯಿತಿಗೆ ಕೆಲಸವಿಲ್ಲ.

"ಅಳಿಯಂದಿರೇ, ನಿಮ್ಮ ಕೈಲಿ ಬೇಟೆ ಆಗ್ಲಿಲ್ಲ, ಹೋಗ್ಲಿ ಬಾಯಾದ್ರೂ ದುಡೀತದಲ್ಲ ಅಂತ ಸುಮ್ನಿದ್ದೀನಿ. ಅದೂ ನಿಂತ ದಿನ ಕಂಬಳಿ ಹೊರಗೆ" ಎಂದು ಮತ್ತೆ ಕುಟ್ಟತೊಡಗಿದಳು. ಹೆಂಡತಿ ಕ್ವೇಟಿ ಅಮ್ಮನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಒಲೆಯ ಕಡೆ ತಿರುಗಿಕೊಂಡಳು.

ವಾಲೋಸಿ ಊರ ತುಂಬಾ ಓಡಿದ. ಊರಿನಲ್ಲಿ ನಾಯಿಯೂ ಇರಲಿಲ್ಲ. ಆವತ್ತು ನದಿಯಾಚೆಯವರ ಮೇಲೆ ಚೆಂಡಾಟ. ಸಭೆಗೆ ಸೇರಿದವರಿಗೆ ಚೆಂಡಾಟ ಮಹಾಪಾಪ ಎಂದು ಗ್ರಿಗ್ಸ್ ಹಲವು ಸಲ ಹೇಳಿದ್ದರು; ವಾಲೋಸಿ ಅದನ್ನು ತರ್ಜುಮೆ ಮಾಡಿರಲಿಲ್ಲ, ಅಷ್ಟೆ.

ಬಯಲಿನಲ್ಲಿ ಆಟ ರಂಗೇರಿತ್ತು. ಚೆಂಡು ಎತ್ತಿ ಎಸೆಯುವ ಕೋಲುಗಳು ತಾಗಿದ ಸದ್ದಿಗೆ ಆಚೆ ಬೆಟ್ಟದ ಹಿಕರಿ ಮರಗಳಿಂದ ಕಾಯಿ ಉದುರುತ್ತಿದ್ದವು. ವಾಲೋಸಿ ಗೋಲುಕಂಬದ ಹತ್ತಿರ ಕೂಗಾಡುತ್ತಿದ್ದ ಚುವಾನೋಸ್ಕಿಯನ್ನು ಹಿಡಿದು, ಕೈ ಕುಲುಕಿನ ಮಾತೊಂದು ಬಿಟ್ಟು ಉಳಿದೆಲ್ಲವನ್ನೂ ಒಪ್ಪಿಕೊಂಡ. ಮುದುಕ ನಕ್ಕ ರಭಸಕ್ಕೆ ಕಂಬ ವಾಲಿತು, ಎದುರಾಳಿಗಳ ಚೆಂಡು ಹೊರಗೆ ಹೋಯಿತು.

"ಅಲ್ಲ ಕಣೋ ಕಪ್ಪೆ, ಇಷ್ಟು ದಿನ ನಮಗೆ ನಾವೇ ಮೆಥಡಿಸ್ಟ್ ಅಂತ ಗೊತ್ತಿಲ್ದೇ ಹಾಳಾಗಿ ಹೋದ್ವಲ್ಲೋ."

"ಅಜ್ಜ, ಕಾಲಿಗೆ ಬೀಳ್ತೀನಿ. ನನ್ನ ಕಂಬಳಿ ಉಳಿಸು."

ಅತಿಥಿ ಬಂದು ಕಾಯುತ್ತಿದ್ದಾನೆ ಎಂದ ಮೇಲೆ ಹೋಗದಿರಲು ನಾವೇನು ನದಿಯಾಚೆಯವರೇ. ಆಟ ಮುಗಿದ ಕೂಡಲೇ ಬರುವುದಾಗಿ ಅಜ್ಜ ಮಾತು ಕೊಟ್ಟ.

ಅಷ್ಟು ಹೊತ್ತು ಟಿಮ್ಮನ್ಸ್ ಅವರನ್ನು ಕೂರಿಸಿಕೊಂಡವಳು ಅನಾವೇಕಿ. ಚಪ್ಪರದ ಕೆಳಗೆ ಹುಳಿ ಅಂಬಲಿಯ ಬಟ್ಟಲು ಖಾಲಿಯಾದಂತೆಲ್ಲ ತುಂಬಿದಳು. ಬೇಡ ಎಂದು ಅವರು ಕೈಯಾಡಿಸಿದ್ದನ್ನು ಚೆನ್ನಾಗಿದೆ ಎಂದು ತಿಳಿದು ಇನ್ನೊಂದು ಬಟ್ಟಲು ತಂದಳು. ಹಿರಿಯ ಪಾದ್ರಿಗಳ ಅಂಗಿಯ ಗುಂಡಿಗಳು ಒಂದೊಂದಾಗಿ ಹಾರಿ ಕೋಳಿಗಳಿಗೆ ಬಡಿಯುತ್ತಿದ್ದಾಗ ಊರು ಬಂತು. ಮೈತುಂಬಾ ಕೆಸರು, ತೋಳಿನಲ್ಲಿ ಗೀರು, ಊದಿದ ತುಟಿ.

ಇವರಿಗೇನಾಯಿತು ಎಂದು ಟಿಮ್ಮನ್ಸ್ ಎದ್ದು ನಿಂತರು. ವಾಲೋಸಿಯ ಬಾಯಿ ಅವನಿಗಿಂತ ಮೊದಲೇ ಜಿಗಿಯಿತು. "ಬೆಳಗಿನಿಂದ ಸೈತಾನನ ಜೊತೆ ಸೆಣಸಾಡಿದ್ದಾರೆ, ಸ್ವಾಮಿ."

"ಗೆದ್ದವರು ಯಾರು?"

ವಾಲೋಸಿ ತಿರುಗಿ, ಗೆದ್ದದ್ದು ಯಾರು ಎಂದು ಕೇಳಿದ. ಊರು "ನಾವೇ" ಎಂದು ಕೂಗಿದ ಕೂಗಿಗೆ ಚಪ್ಪರದ ಅರ್ಧ ಸೊಪ್ಪು ಕೆಳಗೆ ಬಿತ್ತು. ಟಿಮ್ಮನ್ಸ್ ಮೈಯೆಲ್ಲಾ ರೋಮಾಂಚನವಾಗಿ, ಅದನ್ನೂ ಬರೆದುಕೊಳ್ಳಲು ಗ್ರಿಗ್ಸ್‌ಗೆ ಹೇಳಿದರು.

ಆಮೇಲೆ ಹೆಸರು ಕೂಗಲು ಹಿಡಿದರು. "ಅಂಬಲಿ ಚೆಲ್ಲಿದವನು" ಎಂದಾಗ ಚುವಾನೋಸ್ಕಿ ಎದ್ದು ನಿಂತ. "ಸೊಟ್ಟ ಮೊಣಕಾಲು" ಎಂದಾಗ ಮತ್ತೆ ಅವನೇ ಎದ್ದ. "ಹೆಂಡತಿ ಬಿಟ್ಟವನು" ಎಂದಾಗ ಕುಳಿತಿರಲೇ ಇಲ್ಲ, ಹಾಗೇ ನಿಂತಿದ್ದ. ಟಿಮ್ಮನ್ಸ್ ಕನ್ನಡಕ ಒರೆಸಿಕೊಂಡು, ಈ ಮುದುಕ ಎಷ್ಟು ಜನ ಎಂದು ಕೇಳಿದರು.

ಗ್ರಿಗ್ಸ್ ಬಿಳುಚಿಕೊಂಡರು. ವಾಲೋಸಿಗೆ ತನ್ನ ಕಂಬಳಿ ಬಾಗಿಲಲ್ಲಿ ತೂಗಾಡಿದಂತೆ ಕಂಡಿತು.

"ಬಿದ್ದು ಬಿದ್ದು ಎದ್ದವನು, ಸ್ವಾಮಿ. ಪಾಪಕ್ಕೆ ಬೀಳ್ತಾನೆ, ಮತ್ತೆ ಹುಟ್ಟಿ ಬರ್ತಾನೆ. ಹೊಸದಾಗಿ ಹುಟ್ಟಿದವನಿಗೆ ಹಳೇ ಹೆಸರು ಹೇಗೆ ಇಡೋದು?"

ಟಿಮ್ಮನ್ಸ್ ಅವರ ಕಣ್ಣಿನಲ್ಲಿ ನೀರು ಬಂತು. ಇಷ್ಟು ಸಲ ಹುಟ್ಟಿದವನನ್ನು ತಾವು ಎಲ್ಲೂ ಕಂಡಿಲ್ಲವೆಂದು ಹೇಳಿ, ಅಲ್ಲೇ ಚುವಾನೋಸ್ಕಿಯನ್ನು ಊರ ಸಭೆಗೆ ಮುಖಂಡನನ್ನಾಗಿ ಮಾಡಿದರು. ವಾಲೋಸಿ ಉಸಿರು ಬಿಟ್ಟ. ಆ ಉಸಿರಿಗೆ ಪುಸ್ತಕದ ಹಾಳೆಗಳು ತಾವಾಗಿ ತಿರುಗಿ ಕೊನೆಗೆ ಬಂದು ನಿಂತವು.

"ಎಲ್ಲ ಸರಿ. ನಿನ್ನ ಹೆಸರೆಲ್ಲಿ?" ಎಂದರು ಟಿಮ್ಮನ್ಸ್.

ಗ್ರಿಗ್ಸ್ ಹಿಂದಿನಿಂದ ಮುಂದಕ್ಕೆ ಹುಡುಕಿದರು, ಮುಂದಿನಿಂದ ಹಿಂದಕ್ಕೆ ಹುಡುಕಿದರು. ಇಡೀ ಊರಿತ್ತು, ಸತ್ತವರಲ್ಲಿ ಕೆಲವರಿದ್ದರು, ವಾಲೋಸಿ ಇರಲಿಲ್ಲ. ಎಲ್ಲರೂ ಕೈ ಕೊಡುವಾಗ ಅವನು ಊಟಕ್ಕೆ ಓಡಿರುತ್ತಿದ್ದ.

ಸಭೆಯಲ್ಲಿಲ್ಲದವನು ಸಭೆಯ ಮಾತು ಹೇಗೆ ಹೇಳುತ್ತಾನೆ, ಇದು ನಿಯಮಕ್ಕೆ ವಿರುದ್ಧ ಎಂದರು ಟಿಮ್ಮನ್ಸ್. ವಾಲೋಸಿ ಒಂದೇ ನೆಗೆತಕ್ಕೆ ಮುಂದೆ ಬಂದು, ಅವರ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದ. ಗ್ರಿಗ್ಸ್ ಕೈಯನ್ನೂ ಕುಲುಕಿದ. ಟಿಮ್ಮನ್ಸ್ ಸಂತೋಷಪಟ್ಟರು. ಸೇರಿಸಿಕೊಂಡಿದ್ದೇವೆ, ಆದರೆ ಹೊಸಬರಿಗೆ ಅರ್ಧ ವರ್ಷದ ಪರೀಕ್ಷೆ, ಅಲ್ಲಿಯವರೆಗೆ ಸಭೆಯಲ್ಲಿ ಯಾವ ಕೆಲಸವೂ ಇಲ್ಲ ಎಂದರು. ಇವನ ಹೆಸರೇನು ಎಂದು ಕೇಳಿದರು.

ತನ್ನ ಹೆಸರನ್ನು ತಾನೇ ಹೇಳುವಂತಿಲ್ಲವಲ್ಲ. ವಾಲೋಸಿ ದೀನನಾಗಿ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿದ್ದವನು ಚುವಾನೋಸ್ಕಿ. ಮುದುಕನಿಗೆ ಇಂಗ್ಲಿಷಿನಲ್ಲಿ ನಡೆದದ್ದೊಂದೂ ತಿಳಿದಿರಲಿಲ್ಲ. ಆದರೆ ಕೈ ಕುಲುಕಿದರೆ ಯಾರೋ ಹೊರಟರೆಂದು ಅರ್ಥ, ಅದನ್ನು ವಾಲೋಸಿಯೇ ಚಳಿಗಾಲವಿಡೀ ಹೇಳಿಕೊಟ್ಟಿದ್ದ. ಪಾದ್ರಿಗಳಿಬ್ಬರೂ ನಿಂತಲ್ಲೇ ನಿಂತಿದ್ದಾರೆ. ಹಾಗಾದರೆ ಹೊರಟವನು ಯಾರು?

"ಊರು ಬಿಟ್ಟು ಹೊರಟವನು" ಎಂದು ಹೆಸರು ಹೇಳಿದ ಅಜ್ಜ, ಅವನ ಬೆನ್ನು ತಡವುತ್ತಾ.

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನೂ ವಾಲೋಸಿಯೇ. ತಿರುಗಿಸಿದ. ಗ್ರಿಗ್ಸ್ ಬರೆದುಕೊಂಡರು.

ಹೆಸರು ಬಾಯಿಂದ ಬಾಯಿಗೆ ಹರಡಿ ಊರೆಲ್ಲ ಎದ್ದು ಬಂತು. ಕೆಸರು ಮೆತ್ತಿದ ಆಟಗಾರರು ಅವನನ್ನು ಅಪ್ಪಿದರು. ಯಾರೋ ದಾರಿಗೆಂದು ಒಣಮಾಂಸ ಕಟ್ಟಿಕೊಟ್ಟರು, ಯಾರೋ ಹೊಸ ಮೊಕಾಸಿನ್ ಜೋಡು ತಂದರು. ತಾನು ಎಲ್ಲಿಗೂ ಹೋಗುತ್ತಿಲ್ಲವೆಂದು ವಾಲೋಸಿ ಕಿರುಚಿದ. ಅಯ್ಯೋ ಪಾಪ, ಬಿಟ್ಟು ಹೋಗುವ ಸಂಕಟ ಎಂದರು ಹೆಂಗಸರು. ಸಾಲು ನಿಂತು ಒಬ್ಬೊಬ್ಬರೂ ಕೈ ಕುಲುಕಿದರು. ಮತ್ತೆ ಕೈ ಕೊಡುತ್ತಿದ್ದಾರೆಂದು ಗ್ರಿಗ್ಸ್ ಹೊಸ ಹಾಳೆ ತೆರೆದು, ಮೊದಲಿನಿಂದ ಎಲ್ಲರ ಹೆಸರು ಬರೆಯಲು ಕೂತರು.

ಸಾಲಿನಿಂದ ಹೇಗೋ ನುಸುಳಿ ವಾಲೋಸಿ ಮನೆಯ ಕಡೆ ಓಡಿದ. ಸುದ್ದಿ ಅವನಿಗಿಂತ ಜೋರಾಗಿ ಓಡಿತ್ತು. ಕಂಬಳಿ ಬಾಗಿಲಾಚೆ ಇತ್ತು, ನೀಟಾಗಿ ಸುತ್ತಿ, ಮೇಲೊಂದು ಬಿಸಿ ರೊಟ್ಟಿ ಇಟ್ಟು.

"ಅತ್ತೆ, ಅದು ಹಾಗಲ್ಲ, ನಾನು ಹೇಳ್ತೀನಿ ಕೇಳಿ."

ಅನಾವೇಕಿ ಹೊದ್ದ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು ಹೊಸ್ತಿಲು ದಾಟಿ ಬಂದಳು. ಜೀವಮಾನದಲ್ಲೇ ಮೊದಲ ಸಲ ಅಳಿಯನ ಕಡೆ ಪ್ರೀತಿಯಿಂದ ನೋಡಿದಳು. ನಂತರ ಕೈ ಚಾಚಿದಳು.

ಮೊದಲೇ ಹೇಳಿದೆನಲ್ಲ, ಚಾಚಿದ ಕೈಯನ್ನು ಬರಿದೇ ಬಿಟ್ಟವರು ನಮ್ಮೂರಿನಲ್ಲಿ ಹುಟ್ಟಿಲ್ಲ. ವಾಲೋಸಿ ಹಿಡಿದು ಕುಲುಕಿದ.