ಮಾವನ ಟೀವಿ ಸ್ನಾನ

ಟೀವಿ ನೋಡಿ ನೋಡಿ ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಹಳೇಕೋಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಈ ಮಾತನ್ನು ಬಲವಾಗಿ ವಿರೋಧಿಸುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ವಿಷಯ ಕೊಟ್ಟರೂ ವಿರೋಧಿಸಿಯೇ ಬಹುಮಾನ ತಂದವಳು ನಾನು, ನಿಜ. ಆದರೆ ಇದು ಅಭ್ಯಾಸಬಲದ ವಿರೋಧವಲ್ಲ. ಓದಿಗೆಂದು ಅವರ ಮನೆಯಲ್ಲೇ ಇರುವ ಪ್ರತ್ಯಕ್ಷಸಾಕ್ಷಿಯಾಗಿ ಹೇಳುತ್ತೇನೆ: ಟೀವಿ ನೋಡಿಯೂ ತಲೆ ಕೆಡದೆ ಉಳಿದವರು ನಮ್ಮೂರಲ್ಲಿ ಅವರೊಬ್ಬರೇ!

ಪ್ರಕರಣ ಇಷ್ಟೇ. ಹೆಣ ನೋಡಿ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡಬಾರದು, ಇದು ನಮ್ಮ ಕಡೆ ಎಲ್ಲರ ಮನೆಯ ನಿಯಮ. ಮಾವ ಅದನ್ನು ಟೀವಿಗೂ ಅನ್ವಯಿಸಿದರು. ದೂರದ ಯಾವುದೋ ದೇಶದಲ್ಲಿ ಬಾಂಬು ಬಿದ್ದು, ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹಗಳು ಪರದೆಯ ಮೇಲೆ ಬಂದವೋ, ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲಿಗೆ! ಆ್ಯಂಕರ್ ಮಹಾಶಯ ಮಾತ್ರ ಸ್ಟುಡಿಯೋದಲ್ಲಿ ಸೈರನ್ ಊದಿಸಿಕೊಂಡು, ಕ್ಷಿಪಣಿಯ ಚಿತ್ರದ ಮುಂದೆ ಕುಣಿದು, 'ಒಂದು ಸಣ್ಣ ಬ್ರೇಕ್' ಎಂದು ಅಡುಗೆ ಎಣ್ಣೆಯ ಜಾಹೀರಾತಿಗೆ ಹೊರಟುಬಿಡುತ್ತಿದ್ದ. ಈಗ ಹೇಳಿ, ತಲೆ ಕೆಟ್ಟಿರುವುದು ಯಾರಿಗೆ?

"ಮಾವ, ಇದು ನಿನ್ನೆ ತೋರಿಸಿದ್ದೇ ಹೆಣ. ಒಂದು ಸಾವಿಗೆ ಒಂದೇ ಸ್ನಾನ," ಎಂದು ನಾನೊಮ್ಮೆ ತಾಂತ್ರಿಕ ಆಕ್ಷೇಪ ಎತ್ತಿದೆ.

"ನಿನ್ನೆ ಸತ್ತೋನು ಇವತ್ತು ಎದ್ದು ಕೂತವ್ನಾ ಮಗ?" ಎಂದು ಕೇಳಿ ಬಚ್ಚಲ ಬಾಗಿಲು ಹಾಕಿಕೊಂಡರು. ಮರುವಾದಕ್ಕೆ ಅವಕಾಶವೇ ಇಲ್ಲ!

ಮತ್ತೊಂದು ದಿನ ಚಾನೆಲ್ಲು 'ಎಕ್ಸ್‌ಕ್ಲೂಸಿವ್' ಎಂದು ಕೂಗಿ ಕೂಗಿ ತೋರಿಸಿದ ಭೀಕರ ಕಾಳಗ ಮೊಬೈಲ್ ಗೇಮಿನದು ಎಂದು ನಾನು ಸಾಕ್ಷಿ ಸಮೇತ ಸಾಬೀತು ಮಾಡಿದೆ. ಅಷ್ಟರಲ್ಲಿ ಮಾವ ಮಿಂದು ಬಂದಿದ್ದರು! ಅತ್ತೆ ನೀರೊಲೆಯ ಮುಂದಿನಿಂದಲೇ ಗುಡುಗಿದರು: "ಆಟದ ಬೊಂಬೆ ಸತ್ರೂ ಮೀಯ್ತೀರಲ್ಲ! ಸೌದೆ ಏನ್ ಆ ಟೀವಿಯೋನು ತಂದಾಕ್ತಾನಾ?"

ಮಾವ ತಲೆ ಒರೆಸಿಕೊಳ್ಳುತ್ತಾ, "ಓಗ್ಲಿ ಬುಡು, ಯಾರೂ ಸಾಯ್ಲಿಲ್ವಲ್ಲ," ಎಂದರು.

ಮರುದಿನವೇ ಅತ್ತೆ ಕೇಬಲ್ ಕೀಳಿಸಿದರು. ಮಾವನ ಸ್ನಾನ ಬೆಳಗಿನದೊಂದಕ್ಕೆ ಇಳಿಯಿತು.

ಅದಾಗಿ ವಾರಕ್ಕೆ ನಾನು ಹೊಳೆನರಸೀಪುರದ ತಾಲ್ಲೂಕು ಕಚೇರಿ ಮುಂದೆ 'ಯುದ್ಧ ನಿಲ್ಲಿಸಿ' ಎಂದು ಬರೆದ ರಟ್ಟು ಹಿಡಿದು ಕೂತೆ. ಬರುತ್ತೇವೆಂದಿದ್ದ ಗೆಳತಿಯರಿಗೆಲ್ಲ ಒಟ್ಟಿಗೇ ಜ್ವರ ಬಂದಿತ್ತು! ಸಬ್‌ಇನ್‌ಸ್ಪೆಕ್ಟರು ಬಂದು, "ಪರ್ಮಿಷನ್ ಎಲ್ಲಮ್ಮ?" ಎಂದರು. ನಾನು ಸಂವಿಧಾನದ ಹತ್ತೊಂಬತ್ತನೇ ವಿಧಿಯಿಂದ ಶುರುಮಾಡಿದೆ. ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ, ಅವರು ಕೇಸು ಹಾಕಿ ಕಾಲೇಜಿಗೂ ತಿಳಿಸುತ್ತೇನೆಂದು ಜೀಪಿನ ಬಾಗಿಲು ತೆರೆದರು. ಪರೀಕ್ಷೆ ಎದುರಿಗಿತ್ತು.

ಆಗ ಬಂದರು ಮಾವ. ಪೇಟೆಯಲ್ಲಿ ನನ್ನನ್ನು ಕಂಡ ಯಾರೋ ಫೋನ್ ಮಾಡಿದ್ದರಂತೆ. ಟವೆಲ್ ಹಾಸಿ ನನ್ನ ಪಕ್ಕ ಕೂತರು.

"ಏನ್ ಯಜಮಾನ್ರೆ, ನಿಮ್ದೂ ಪ್ರತಿಭಟನೆನಾ?"

"ಇಲ್ಲ ಸಾ. ಸಾವಿಗೆ ಕೂತಿವ್ನಿ."

"ಯಾರ್ ಸತ್ರು?"

"ಬಾಳ ಜನ ಸಾ. ಹೆಸ್ರು ಗೊತ್ತಿಲ್ಲ. ಸಣ್ ಮಕ್ಳೂ ಅವ್ರೆ. ಸಾವಿಗೆ ಕೂರಕ್ಕೂ ಪರ್ಮಿಷನ್ ತಗಬೇಕಾ ಸಾ?"

ಪಹಣಿಗೆಂದು ಬಂದಿದ್ದ ಒಬ್ಬರು, "ಯಾರು ತೀರ್ಕೊಂಡ್ರಣ್ಣ?" ಎನ್ನುತ್ತಾ, ಉತ್ತರಕ್ಕೂ ಕಾಯದೆ ಮಾವನ ಪಕ್ಕ ಕೂತರು. ಅವರನ್ನು ನೋಡಿ ಇನ್ನಿಬ್ಬರು. ಸಾವಿಗೆ ಕೂತವರ ಮುಂದೆ ಜೀಪಿನ ಬಾಗಿಲು ಹಿಡಿದು ನಿಲ್ಲುವುದು ಯಾರಿಗಾದರೂ ಮುಜುಗರವೇ. "ಗಲಾಟೆ ಮಾಡ್ದೆ ಕೂತು ಎದ್ದೋಗಿ," ಎಂದು ಸಬ್‌ಇನ್‌ಸ್ಪೆಕ್ಟರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಪರೀಕ್ಷೆ ಉಳಿಯಿತು, ನಾನೂ ಉಳಿದೆ. ನನ್ನ ಬಹುಮಾನಗಳನ್ನೆಲ್ಲ ಮಾವನ ಆ ಒಂದು ಪ್ರಶ್ನೆಗೆ ಒಪ್ಪಿಸಿಬಿಡಬಹುದು.

ಮನೆಗೆ ಬಂದಾಗ ಅತ್ತೆ ಗೊಣಗದೆ ನೀರೊಲೆ ಹಚ್ಚಿದ್ದರು. "ಮೊದ್ಲು ನೀನ್ ಮಿಂದ್ಕೊ ಓಗು ಮಗ," ಎಂದರು ಮಾವ. ಯಾವ ಶಾಸ್ತ್ರವನ್ನೂ ನಂಬದ ನಾನು ತೆಪ್ಪಗೆ ಹೋಗಿ ಮಿಂದೆ. ನೀರು ಹದವಾಗಿತ್ತು. ಆಮೇಲೆ ಮಾವ ಹೋದರು. ಅವರ ಚೊಂಬಿನ ಸದ್ದು ಕೇಳುತ್ತಾ ನಿಂತಿದ್ದವಳಿಗೆ ಒಂದು ಆಕ್ಷೇಪ ಹೊಳೆಯಿತು. ಟೀವಿ ನಿಂತು ವಾರವಾಗಿತ್ತಲ್ಲ! ಆ ದಿನ ಮಾವ ಒಂದು ಹೆಣವನ್ನೂ ನೋಡಿರಲಿಲ್ಲ.

ಬಚ್ಚಲ ಬಾಗಿಲಿಗೆ ಬಾಯಿಟ್ಟು ಕೇಳಿದೆ:

"ಮಾವ, ನಿಜ ಹೇಳು, ಇವತ್ತು ಆ ಬಿಸಿಲಲ್ಲಿ ನೀನು ಕೂತಿದ್ದು ಯಾರಿಗೋಸ್ಕರ?"